ಓಡುತ್ತಲೇ ಕಲಿಯುವ ಯಂತ್ರ

ರಾತ್ರಿ ಚಾರ್ಜಿಗೆ ಹಾಕಿಟ್ಟ ಆಂಡ್ರಾಯ್ಡ್ ಫೋನು ಸುಮ್ಮನೆ ಬಿದ್ದಿರುವುದಿಲ್ಲ. ಪರದೆ ಆರಿದೆ, ಯಾರೂ ಮುಟ್ಟುತ್ತಿಲ್ಲ, ಬ್ಯಾಟರಿಗೆ ಕರೆಂಟ್ ಬರುತ್ತಿದೆ ಎಂದು ಖಾತ್ರಿಯಾದ ಮೇಲೆ ಅದರೊಳಗಿನ ಒಂದು ವ್ಯವಸ್ಥೆ ಕೆಲಸಕ್ಕೆ ಕೂರುತ್ತದೆ. ಹಗಲೆಲ್ಲ ನೀವು ಯಾವ ಆ್ಯಪ್ ತೆರೆದಿರಿ, ಆ ಆ್ಯಪಿನ ಸಾವಿರಾರು ತುಣುಕುಗಳಲ್ಲಿ ಯಾವುವು ಮತ್ತೆಮತ್ತೆ ಓಡಿದವು ಎಂಬ ಪಟ್ಟಿ ಅದರ ಬಳಿ ಇರುತ್ತದೆ. ಪಟ್ಟಿಯಲ್ಲಿರುವಷ್ಟನ್ನು ಮಾತ್ರ ಆರಿಸಿಕೊಂಡು, ಫೋನಿನ ಪ್ರೊಸೆಸರಿಗೆ ನೇರವಾಗಿ ತಿಳಿಯುವ ಆಜ್ಞೆಗಳಾಗಿ ಬದಲಿಸಿ ಇಟ್ಟುಬಿಡುತ್ತದೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈಚೆಗೆ ಇದು ನಡೆದುಬಂದಿದೆ. ಒಂದೇ ಕಂಪನಿಯ ಒಂದೇ ಮಾದರಿಯ ಫೋನುಗಳು ಅಕ್ಕ ತಂಗಿಯರಿಬ್ಬರ ಬಳಿ ಇದ್ದು, ಎರಡರಲ್ಲೂ ಅದೇ ಆ್ಯಪ್ ಇದ್ದರೂ, ಕೆಲವು ದಿನಗಳಲ್ಲಿ ಆ ಎರಡರ ಒಳಗಿನ ಯಂತ್ರಸಂಕೇತ ಬೇರೆಬೇರೆಯಾಗಿರಬಹುದು. ಬಳಸಿದವರ ಅಭ್ಯಾಸವನ್ನು ಫೋನು ಅಷ್ಟರಮಟ್ಟಿಗೆ ಕಲಿತಿರುತ್ತದೆ.

ಈ ಕೆಲಸ ಮಾಡುವುದಕ್ಕೆ ರನ್‌ಟೈಮ್ ಎಂದು ಹೆಸರು. ಪ್ರೋಗ್ರಾಮಿಗೂ ಅದನ್ನು ಓಡಿಸುವ ಚಿಪ್ಪಿಗೂ ನಡುವೆ ನಿಂತು, ಬೇಕಾದಷ್ಟು ಮೆಮೊರಿ ಒದಗಿಸುವುದು, ಬಳಸಿ ಬಿಟ್ಟದ್ದನ್ನು ಗುಡಿಸಿ ತೆಗೆಯುವುದು, ಪ್ರೋಗ್ರಾಮು ಹದ್ದು ಮೀರಿದರೆ ತಡೆಯುವುದು, ಅಗತ್ಯ ಬಿದ್ದಾಗ ಅದನ್ನೇ ಹೊಸದಾಗಿ ಕಂಪೈಲ್ ಮಾಡುವುದು ಇದರ ಹೊಣೆ. ಕಾಲೇಜಿನ ಪಠ್ಯದಲ್ಲಿ, ಕೆಲಸದ ಜಾಹೀರಾತಿನಲ್ಲಿ, ‘ಯಾವುದನ್ನು ಕಲಿಯಲಿ’ ಎಂದು ಮಕ್ಕಳು ಕೇಳುವ ಪ್ರಶ್ನೆಯಲ್ಲಿ ಭಾಷೆಯ ಹೆಸರೇ ಮುಂದಿರುತ್ತದೆ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಎನ್ನುತ್ತೇವೆಯೇ ಹೊರತು ಅವುಗಳ ಕೆಳಗೆ ದುಡಿಯುವುದರ ಹೆಸರು ಹೇಳುವವರು ಕಡಿಮೆ. ಕಳೆದ ಅರುವತ್ತು ವರ್ಷಗಳಲ್ಲಿ ನಿಜವಾದ ಸಾಹಸ ನಡೆದದ್ದು ಅಲ್ಲಿಯೇ ಎಂಬುದು ನನ್ನ ನಂಬಿಕೆ. ಭಾಷೆಯೊಂದು ಮಾರುಕಟ್ಟೆಯಲ್ಲಿ ಸೋತು ಮರೆಯಾದಾಗಲೂ ಅದರ ರನ್‌ಟೈಮಿನಲ್ಲಿ ಹುಟ್ಟಿದ ವಿಚಾರ ಉಳಿದುಕೊಂಡು, ಇನ್ನೊಂದು ಭಾಷೆಯ ಒಳಹೊಕ್ಕು ಜಗತ್ತನ್ನು ಗೆದ್ದದ್ದಿದೆ.

ಇಲ್ಲದ ಯಂತ್ರಕ್ಕೆ ಬರೆದ ಆಜ್ಞೆಗಳು

1957ರಲ್ಲಿ ಐಬಿಎಂ 704 ಗಣಕಕ್ಕೆ ಫೋರ್ಟ್ರಾನ್ ಕಂಪೈಲರ್ ಬಂದಾಗ ಲೆಕ್ಕಾಚಾರ ಸರಳವಾಗಿತ್ತು. ಸೂತ್ರಗಳನ್ನು ಬರೆದುಕೊಟ್ಟರೆ ಕಂಪೈಲರ್ ಅವನ್ನು ಆ ಯಂತ್ರದ ಆಜ್ಞೆಗಳಾಗಿ ಬದಲಿಸುತ್ತಿತ್ತು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಓಡುವ ಹೊತ್ತಿಗೆ ಕಂಪೈಲರ್ ಪಕ್ಕದಲ್ಲಿರುವುದಿಲ್ಲ. ಮರುವರ್ಷ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್ ಬೇರೆಯದೇ ದಾರಿ ಹಿಡಿಯಿತು. ಲಿಸ್ಪ್ ಪ್ರೋಗ್ರಾಮುಗಳು ಓಡುತ್ತ ಓಡುತ್ತ ಹೊಸ ಪಟ್ಟಿಗಳನ್ನು ಸೃಷ್ಟಿಸುತ್ತವೆ, ಹಳೆಯವನ್ನು ಕೈಬಿಡುತ್ತವೆ. ಯಾವುದು ಇನ್ನು ಬೇಡ ಎಂದು ಬರೆಯುವಾಗಲೇ ಹೇಳಲು ಮನುಷ್ಯನಿಗೆ ಕಷ್ಟ. ಹಾಗಾಗಿ ಮೆಮೊರಿ ತುಂಬಿದಾಗ ಇಡೀ ಪ್ರೋಗ್ರಾಮನ್ನು ಒಂದು ಗಳಿಗೆ ನಿಲ್ಲಿಸಿ, ಇನ್ನೂ ಬಳಕೆಯಲ್ಲಿರುವುದನ್ನೆಲ್ಲ ಗುರುತಿಸಿ, ಉಳಿದದ್ದನ್ನು ಮರಳಿ ಪಡೆಯುವ ವ್ಯವಸ್ಥೆಯನ್ನು ಮೆಕಾರ್ಥಿ ಮಾಡಿದರು. 1960ರ ಅವರ ಲೇಖನದಲ್ಲಿ ಅದರ ವಿವರಣೆಯಿದೆ. ಗಾರ್ಬೇಜ್ ಕಲೆಕ್ಷನ್ ಎಂದು ಇವತ್ತು ಬೆಂಗಳೂರಿನ ಪ್ರತಿಯೊಂದು ಸಾಫ್ಟ್‌ವೇರ್ ಕಚೇರಿಯಲ್ಲೂ ಕೇಳಿಬರುವ ಮಾತಿನ ಮೂಲ ಅದು. ಪ್ರೋಗ್ರಾಮು ಓಡುವ ಹೊತ್ತಿಗೆ ಪಕ್ಕದಲ್ಲೊಬ್ಬರು ಎಚ್ಚರವಾಗಿರಬೇಕು ಎಂಬ ಕಲ್ಪನೆ ಅಲ್ಲಿಂದ ಬೇರುಬಿಟ್ಟಿತು.

ಎರಡನೆಯ ಬೇರು ಸ್ವಿಟ್ಜರ್‌ಲೆಂಡಿನದು. 1970ರ ದಶಕದಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ನಿಕ್ಲಾಸ್ ವಿರ್ತ್ ಅವರ ಪ್ಯಾಸ್ಕಲ್ ಭಾಷೆಗೆ ಎಲ್ಲೆಡೆಯಿಂದ ಬೇಡಿಕೆ ಬರುತ್ತಿತ್ತು. ಆದರೆ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆಯ ಗಣಕ. ಪ್ರತಿಯೊಂದಕ್ಕೂ ಕಂಪೈಲರ್ ಬರೆದುಕೊಡುವುದು ಆಗದ ಮಾತು. ವಿರ್ತ್ ಅವರ ತಂಡ ಒಂದು ಉಪಾಯ ಹೂಡಿತು. ಎಲ್ಲೂ ಇಲ್ಲದ, ಕಾಗದದ ಮೇಲಷ್ಟೇ ಇರುವ ಒಂದು ಸರಳ ಯಂತ್ರವನ್ನು ಕಲ್ಪಿಸಿಕೊಂಡು ಪ್ಯಾಸ್ಕಲ್ ಪ್ರೋಗ್ರಾಮನ್ನು ಆ ಯಂತ್ರದ ಆಜ್ಞೆಗಳಾಗಿ ಬದಲಿಸಿತು. ಕಂಪೈಲರನ್ನೂ ಅದೇ ಆಜ್ಞೆಗಳಲ್ಲಿ ಕಳಿಸಿಕೊಟ್ಟರೆ ಆಯಿತು. ಪಡೆದವರು ತಮ್ಮ ಗಣಕದಲ್ಲಿ ಆ ಕಲ್ಪಿತ ಯಂತ್ರವನ್ನು ಅನುಕರಿಸುವ ಪುಟ್ಟ ಇಂಟರ್‌ಪ್ರಿಟರ್ ಒಂದನ್ನು ಬರೆದುಕೊಂಡರೆ ಸಾಕು. ಪಿ-ಕೋಡ್ ಎಂದು ಹೆಸರಾದ ಈ ವ್ಯವಸ್ಥೆಯ ಅನುಷ್ಠಾನ ಟಿಪ್ಪಣಿಗಳನ್ನು ಬರೆದವರ ಪಟ್ಟಿಯಲ್ಲಿ ಮೊದಲ ಹೆಸರು ಭಾರತದ ಕೇಶವ್ ನೋರಿ ಅವರದು. ಅವರು ಮುಂದೆ ಐಐಟಿ ಕಾನ್ಪುರದಲ್ಲಿ ಪಾಠ ಹೇಳಿದರು, ಪುಣೆಯಲ್ಲಿ ಟಾಟಾ ಸಂಶೋಧನಾ ಕೇಂದ್ರದಲ್ಲಿ ದುಡಿದರು. ಇಂಥ ಕಲ್ಪಿತ ಯಂತ್ರದ, ಅಂದರೆ ವರ್ಚುವಲ್ ಮಷೀನಿನ, ಚರಿತ್ರೆ ಹೇಳುವಾಗ ಈ ಹೆಸರನ್ನು ನಮ್ಮ ತರಗತಿಗಳಲ್ಲಾದರೂ ಹೇಳಬೇಕು.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಕೆನೆತ್ ಬೋಲ್ಸ್ ಈ ವಿಚಾರವನ್ನೇ ಆಗಷ್ಟೇ ಬರುತ್ತಿದ್ದ ಮೈಕ್ರೊಕಂಪ್ಯೂಟರುಗಳಿಗೆ ಒಗ್ಗಿಸಿದರು. ಅದರ ಬಿಸಿ ತಾಗಿದವರಲ್ಲಿ ಕಾರ್ನೆಗಿ ಮೆಲನ್‌ನ ಒಬ್ಬ ಸಂಶೋಧನಾ ವಿದ್ಯಾರ್ಥಿಯೂ ಇದ್ದ. ಪಿ-ಕೋಡನ್ನು ಪ್ರಯೋಗಾಲಯದ ವ್ಯಾಕ್ಸ್ ಗಣಕದ ಮೇಲೆ ಓಡಿಸುವ ಕೆಲಸಕ್ಕೆ ಕೈಹಾಕಿದ ಆತನ ಹೆಸರು ಜೇಮ್ಸ್ ಗೋಸ್ಲಿಂಗ್.

ಜಾವಾ ಬಂತು, ನಿಧಾನವಾಗಿ

1991ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ ಗೋಸ್ಲಿಂಗ್, ಮೈಕ್ ಶೆರಿಡನ್, ಪ್ಯಾಟ್ರಿಕ್ ನಾಟನ್ ಅವರ ತಂಡ ಟಿವಿ, ರಿಮೋಟ್‌ನಂತಹ ಗೃಹೋಪಕರಣಗಳಿಗೆ ಸಾಫ್ಟ್‌ವೇರ್ ಮಾಡಲು ಹೊರಟಿತು. ಇಂಥ ಸಾಮಾನುಗಳಲ್ಲಿ ಚಿಪ್ ಬದಲಾಗುತ್ತಲೇ ಇರುತ್ತದೆ. ಅಗ್ಗದ್ದು ಸಿಕ್ಕರೆ ತಯಾರಕರು ಹಳೆಯದನ್ನು ಬಿಟ್ಟು ಅದನ್ನೇ ಹಾಕುತ್ತಾರೆ. ಆದ್ದರಿಂದ ಗೋಸ್ಲಿಂಗ್ ಕಲ್ಪಿತ ಯಂತ್ರದ ಹಳೆಯ ಉಪಾಯಕ್ಕೆ ಮರಳಿದರು. ಉಪಕರಣಗಳ ವ್ಯಾಪಾರ ಕೈಗೂಡಲಿಲ್ಲ. ಅಷ್ಟರಲ್ಲಿ ಇಂಟರ್‌ನೆಟ್ ಬಂತು, 1995ರ ಮೇ ತಿಂಗಳಲ್ಲಿ ಅದೇ ಭಾಷೆ ಜಾವಾ ಎಂಬ ಹೆಸರಿನಲ್ಲಿ ಲೋಕಕ್ಕೆ ಕಾಣಿಸಿಕೊಂಡಿತು. ಒಮ್ಮೆ ಬರೆದರೆ ಎಲ್ಲಿ ಬೇಕಾದರೂ ಓಡುತ್ತದೆ ಎಂಬುದು ಕಂಪನಿಯ ಘೋಷಣೆ.

ಜಾವಾ ಕಂಪೈಲರ್ ಹೊರಗೆ ಕೊಡುವುದು ಬೈಟ್‌ಕೋಡ್. ಒಂದೊಂದು ಆಜ್ಞೆಯ ಗುರುತಿಗೂ ಒಂದೇ ಬೈಟ್, ಅಂದರೆ 256ಕ್ಕಿಂತ ಹೆಚ್ಚು ಆಜ್ಞೆ ಇರುವಂತಿಲ್ಲ. ಎರಡು ಪೂರ್ಣಾಂಕಗಳನ್ನು ಕೂಡಿಸು ಎಂಬುದರ ಸಂಖ್ಯೆ 96. ಅಂದು ಗೊತ್ತುಮಾಡಿದ ಆ ಸಂಖ್ಯೆ ಇಂದಿಗೂ ಅದೇ. ಬ್ಯಾಂಕೊಂದರ ನೆಲಮಾಳಿಗೆಯ ಸರ್ವರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಕಂಪೈಲ್ ಮಾಡಿ ಮೂಲಪ್ರತಿ ಕಳೆದುಹೋದ ಫೈಲು ಕೂಡ ಇವತ್ತಿನ ಜಾವಾ ಯಂತ್ರದಲ್ಲಿ ಓದಿಸಿಕೊಳ್ಳುತ್ತದೆ. ಈ ಬಾಳಿಕೆ ಸಣ್ಣ ಸಾಧನೆ ಅಲ್ಲ. ಹೊರಗಿನಿಂದ ಬಂದ ಬೈಟ್‌ಕೋಡನ್ನು ಓಡಿಸುವ ಮೊದಲು ಪರೀಕ್ಷಿಸುವ ಪರಿಪಾಠವೂ ಜಾವಾದಲ್ಲಿ ಆರಂಭದಿಂದಲೇ ಇತ್ತು. ಹಾಗೆಯೇ ಯೂನಿಕೋಡ್. ಇಂಗ್ಲಿಷ್ ಅಕ್ಷರಕ್ಕೆ 8 ಬಿಟ್ ಸಾಕೆಂದು ಉಳಿದವರಲ್ಲಿ ಅನೇಕರು ಸುಮ್ಮನಿದ್ದಾಗ ಜಾವಾ ಒಂದು ಅಕ್ಷರಕ್ಕೆ 16 ಬಿಟ್ ಕೊಟ್ಟಿತು. ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಲು ಅದರ ನಿಯಮದಲ್ಲಿ ಅಡ್ಡಿಯಿಲ್ಲ. ‘ಕನ್ನಡ’ ಎಂಬುದರ ಉದ್ದ ಕೇಳಿದರೆ ಮಾತ್ರ ಅದು 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವ ಒತ್ತಕ್ಷರದೊಳಗೆ ಎರಡು ನಕಾರವೂ ನಡುವೆ ಹಲಂತ ಚಿಹ್ನೆಯೂ ಇವೆಯಲ್ಲ, ಅವನ್ನು ಬಿಡಿಬಿಡಿಯಾಗಿ ಎಣಿಸಿದ ಉತ್ತರ ಅದು.

ಇಷ್ಟೆಲ್ಲ ಇದ್ದರೂ ಮೊದಲ ಜಾವಾ ತೀರ ನಿಧಾನ. ಪ್ರತಿ ಆಜ್ಞೆಯನ್ನೂ ಇಂಟರ್‌ಪ್ರಿಟರ್ ಓದಿ, ಅರ್ಥಮಾಡಿಕೊಂಡು, ನಡೆಸಬೇಕು. ಸಿ ಭಾಷೆಯಲ್ಲಿ ಬರೆದದ್ದಕ್ಕಿಂತ ಹಲವು ಪಟ್ಟು ತಡ. ಎಲ್ಲ ಕಡೆಯೂ ಓಡುತ್ತದೆ ನಿಜ, ಆದರೆ ಎಲ್ಲ ಕಡೆಯೂ ತೆವಳುತ್ತದೆ ಎಂಬ ದೂರು ಹಬ್ಬಿತು. ನಡುವೆ ಒಂದು ಪದರ ಇದ್ದಮೇಲೆ ವೇಗಕ್ಕೆ ಕುತ್ತು ತಪ್ಪದು ಎಂದೇ ಬಹಳ ಮಂದಿ ತಿಳಿದವರು ನಂಬಿದ್ದರು. ಅದು ಸುಳ್ಳೆಂದು ತೋರಿಸುವ ಕೆಲಸ ಅದಾಗಲೇ ನಡೆದಿತ್ತು. ನಡೆದದ್ದು ಇನ್ನೊಂದು ಭಾಷೆಯಲ್ಲಿ, ಅದೂ ಸನ್ ಕಂಪನಿಯ ಸೂರಿನಡಿಯಲ್ಲೇ.

ಸೋತ ಭಾಷೆಯ ಗೆಲುವು

ಸೆಲ್ಫ್ ಎಂಬ ಭಾಷೆಯ ಹೆಸರನ್ನು ಕಂಪ್ಯೂಟರ್ ಸೈನ್ಸ್ ಓದಿದವರಲ್ಲೂ ಅನೇಕರು ಕೇಳಿರಲಾರರು. 1986ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ಉಂಗರ್ ಮತ್ತು ರ‍್ಯಾಂಡಲ್ ಸ್ಮಿತ್ ಅದನ್ನು ರೂಪಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಅದು ಬೆಳೆಯಿತು, ಆಮೇಲೆ ಸನ್‌ನ ಪ್ರಯೋಗಾಲಯ ಸೇರಿತು. ಸೆಲ್ಫ್‌ನಲ್ಲಿ ಎಲ್ಲವೂ ವಸ್ತು, ಎಲ್ಲ ಕೆಲಸವೂ ಒಂದು ವಸ್ತು ಇನ್ನೊಂದಕ್ಕೆ ಕಳಿಸುವ ಸಂದೇಶ. ಎರಡಕ್ಕೆ ಮೂರು ಕೂಡಿಸಬೇಕೆಂದರೂ ಎರಡು ಎಂಬ ವಸ್ತುವಿಗೆ ಸಂದೇಶ ಹೋಗಬೇಕು, ಅದಕ್ಕೆ ಉತ್ತರಿಸುವ ತುಣುಕು ಎಲ್ಲಿದೆಯೆಂದು ಹುಡುಕಬೇಕು. ಇವತ್ತು ಅಲ್ಲಿ ಪೂರ್ಣಾಂಕ ಇದೆ, ನಾಳೆ ಅದೇ ಜಾಗಕ್ಕೆ ಬೇರೇನೋ ಬರಬಹುದು. ಓಡುವ ಮೊದಲೇ ಕುಳಿತು ಎಷ್ಟು ಯೋಚಿಸಿದರೂ ಕಂಪೈಲರಿಗೆ ಇದು ತಿಳಿಯುವಂತಿಲ್ಲ. ಇದ್ದಂತೆ ಓಡಿಸಿದರೆ ಈ ಭಾಷೆಯಷ್ಟು ನಿಧಾನದ್ದು ಇನ್ನೊಂದಿರಲಾರದು.

ಕಷ್ಟ ಇಷ್ಟು ದೊಡ್ಡದಾಗಿದ್ದರಿಂದಲೇ ಪರಿಹಾರವೂ ದೊಡ್ಡದಾಯಿತು. ದಾರಿಯ ಮೊದಲ ಹೆಜ್ಜೆ ಅದಾಗಲೇ ಬಿದ್ದಿತ್ತು: ಪೀಟರ್ ಡಾಯ್ಚ್ ಮತ್ತು ಅಲನ್ ಶಿಫ್‌ಮನ್ 1984ರಲ್ಲಿ ಸ್ಮಾಲ್‌ಟಾಕ್ ಭಾಷೆಯ ಬೈಟ್‌ಕೋಡನ್ನು ಓಡುವ ಹೊತ್ತಿನಲ್ಲೇ ಯಂತ್ರಸಂಕೇತವಾಗಿ ಬದಲಿಸಿ ತೋರಿಸಿದ್ದರು. ಒಂದು ಜಾಗದಲ್ಲಿ ಹೋದ ಸಲ ಯಾವ ಬಗೆಯ ವಸ್ತು ಬಂದಿತ್ತೋ ಈ ಸಲವೂ ಅದೇ ಬರುವ ಸಂಭವ ಹೆಚ್ಚು ಎಂಬುದನ್ನೂ ಅವರು ಕಂಡುಕೊಂಡಿದ್ದರು. ಸೆಲ್ಫ್ ತಂಡದ ಕ್ರೇಗ್ ಚೇಂಬರ್ಸ್, ಉರ್ಸ್ ಹೋಲ್ಸ್ಲೆ ಈ ಗಮನಿಕೆಯನ್ನು ಅದರ ಕೊನೆಯ ತುದಿಯವರೆಗೂ ಒಯ್ದರು. ಪ್ರೋಗ್ರಾಮು ಓಡುತ್ತಿರುವಾಗ ರನ್‌ಟೈಮ್ ಎಣಿಸುತ್ತಿರುತ್ತದೆ. ಈ ಜಾಗಕ್ಕೆ ಬರುತ್ತಿರುವುದೆಲ್ಲ ಪೂರ್ಣಾಂಕವೇ ಎಂದು ಕಂಡರೆ, ಹುಡುಕಾಟವನ್ನೆಲ್ಲ ಕಿತ್ತು ಹಾಕಿ, ನೇರ ಕೂಡಿಸುವ ಒಂದೇ ಆಜ್ಞೆ ಇಟ್ಟು ಹೊಸ ಪ್ರತಿ ತಯಾರಿಸುತ್ತದೆ. ಜೊತೆಗೆ ಒಂದು ಚಿಕ್ಕ ತಪಾಸಣೆಯನ್ನೂ ಸೇರಿಸುತ್ತದೆ: ಬಂದದ್ದು ನಿಜಕ್ಕೂ ಪೂರ್ಣಾಂಕ ತಾನೇ?

ದಿನಾ ಅದೇ ಮಾರ್ಗದಲ್ಲಿ ಹೋಗುವ ಬಸ್ಸಿನ ಕಂಡಕ್ಟರ್ ಮಾಡುವುದೂ ಇದನ್ನೇ. ಏಳೂವರೆಯ ಬಸ್ಸು ಹತ್ತಿದ ಮೇಷ್ಟರು ಬಾಯಿ ತೆರೆಯುವ ಮೊದಲೇ ಅವರ ಊರಿನ ಟಿಕೆಟ್ ಕೈಗೆ ಬಂದಿರುತ್ತದೆ. ಇವತ್ತು ಮುಂದಿನ ಊರಿಗೆ ಹೋಗಬೇಕಪ್ಪ ಎಂದು ಅವರೆಂದರೆ, ಕೊಟ್ಟ ಟಿಕೆಟ್ ಹಿಂದಕ್ಕೆ ಪಡೆದು ಮೊದಲಿನಿಂದ ಕೇಳಿ ಹೊಸದು ಕೊಡುತ್ತಾನೆ. ಊಹೆಯಿಂದ ಉಳಿದ ಹೊತ್ತು ದಿನಕ್ಕೆಲ್ಲ ಲೆಕ್ಕ ಹಾಕಿದರೆ ದೊಡ್ಡದು, ತಪ್ಪಿದಾಗ ಆಗುವ ನಷ್ಟ ಚಿಕ್ಕದು.

ಆ ಹಿಂದಕ್ಕೆ ಪಡೆಯುವ ಕ್ರಮವೇ ಎಲ್ಲಕ್ಕಿಂತ ಕಷ್ಟದ್ದು. ಊಹೆ ತಪ್ಪಿತೆಂದು ಗೊತ್ತಾಗುವ ಹೊತ್ತಿಗೆ ಪ್ರೋಗ್ರಾಮು ವೇಗದ ಪ್ರತಿಯ ನಟ್ಟನಡುವೆ ಓಡುತ್ತಿರುತ್ತದೆ. ಅರ್ಧಕ್ಕೆ ನಿಂತ ಎಲ್ಲ ಲೆಕ್ಕಗಳನ್ನೂ, ಹತ್ತಾರು ತುಣುಕುಗಳನ್ನು ಒಂದರೊಳಗೊಂದು ಹೊಲಿದು ಮಾಡಿದ ಆ ಪ್ರತಿಯಿಂದ ಬಿಡಿಸಿ, ಮೂಲ ಪ್ರತಿಯಲ್ಲಿ ಅವು ಹೇಗಿರುತ್ತಿದ್ದವೋ ಹಾಗೆಯೇ ಜೋಡಿಸಿ, ಅದೇ ಜಾಗದಿಂದ ಮುಂದುವರಿಸಬೇಕು. ಪ್ರೋಗ್ರಾಮಿಗೆ ಏನೂ ಆಗಿಲ್ಲವೆಂಬಂತಿರಬೇಕು. 1992ರಲ್ಲಿ ಹೋಲ್ಸ್ಲೆ, ಚೇಂಬರ್ಸ್, ಉಂಗರ್ ಇದನ್ನು ಮಾಡುವ ಬಗೆಯನ್ನು ಪ್ರಕಟಿಸಿದರು. ತಪ್ಪನ್ನು ತಿದ್ದಿಕೊಳ್ಳುವ ದಾರಿ ಸಿಕ್ಕಿದ್ದರಿಂದ ಧೈರ್ಯವಾಗಿ ಊಹಿಸುವುದು ಸಾಧ್ಯವಾಯಿತು. ಕೆಲವು ಪರೀಕ್ಷೆಗಳಲ್ಲಿ ಸೆಲ್ಫ್ ಪ್ರೋಗ್ರಾಮುಗಳು ಚೆನ್ನಾಗಿ ಕಂಪೈಲ್ ಮಾಡಿದ ಸಿ ಪ್ರೋಗ್ರಾಮಿನ ಅರ್ಧದಷ್ಟು ವೇಗ ಮುಟ್ಟಿದವು. ಇಷ್ಟು ಸಡಿಲವಾದ ಭಾಷೆಯಿಂದ ಅಂಥ ವೇಗವನ್ನು ಅದಕ್ಕೂ ಮುಂಚೆ ಯಾರೂ ನಿರೀಕ್ಷಿಸಿರಲಿಲ್ಲ.

ಸನ್ ಈ ತಂಡವನ್ನು ಉಳಿಸಿಕೊಳ್ಳಲಿಲ್ಲ. ಜಾವಾದ ಅಬ್ಬರದಲ್ಲಿ ಸೆಲ್ಫ್ ಯೋಜನೆ ಮೂಲೆಗೆ ಸರಿಯಿತು. ಹೋಲ್ಸ್ಲೆ ಮತ್ತು ಡೆನ್ಮಾರ್ಕಿನ ಲಾರ್ಸ್ ಬಾಕ್ ಮೊದಲಾದವರು ಒಂದು ಚಿಕ್ಕ ಕಂಪನಿ ಸೇರಿ ಸ್ಮಾಲ್‌ಟಾಕ್‌ಗೆ ಅತಿವೇಗದ ರನ್‌ಟೈಮ್ ಕಟ್ಟಿದರು, ಅದನ್ನೇ ಜಾವಾಕ್ಕೂ ತಿರುಗಿಸಿದರು. 1997ರಲ್ಲಿ ಸನ್ ಆ ಕಂಪನಿಯನ್ನೇ ಕೊಂಡುಕೊಂಡಿತು. ತನ್ನ ಮನೆಯಲ್ಲಿ ಬೆಳೆದ ವಿದ್ಯೆಗೆ ಬೆಲೆ ತೆತ್ತು ಮರಳಿ ತಂದಂತಾಯಿತು. 1999ರ ಏಪ್ರಿಲ್‌ನಲ್ಲಿ ಹಾಟ್‌ಸ್ಪಾಟ್ ಎಂಬ ಹೆಸರಿನಲ್ಲಿ ಅದು ಹೊರಬಂದ ಮೇಲೆ ಜಾವಾದ ನಡಿಗೆಯೇ ಬದಲಾಯಿತು. ಎಲ್ಲವನ್ನೂ ಕಂಪೈಲ್ ಮಾಡುವ ಹಟ ಅದಕ್ಕಿಲ್ಲ. ಮೊದಲು ಇಂಟರ್‌ಪ್ರಿಟರಿನಲ್ಲಿ ಓಡಿಸುತ್ತ ಎಣಿಸುತ್ತದೆ. ಸರ್ವರುಗಳಿಗೆಂದು ಮಾಡಿದ ಮಾದರಿಯಲ್ಲಿ ಒಂದು ತುಣುಕು ಸುಮಾರು 10,000 ಸಲ ಓಡಿದ ಮೇಲೆಯೇ ಅದರತ್ತ ಪೂರ್ತಿ ಗಮನ ಹರಿಸುತ್ತಿತ್ತು. ಇವತ್ತು ಬ್ಯಾಂಕು, ರೈಲ್ವೆ, ತೆರಿಗೆ, ಷೇರುಪೇಟೆ ಎಂದು ಜಗತ್ತಿನಾದ್ಯಂತ ದೊಡ್ಡ ಲೆಕ್ಕಗಳು ಎಲ್ಲೆಲ್ಲಿ ಜಾವಾದಲ್ಲಿವೆಯೋ ಅಲ್ಲೆಲ್ಲ ಬಹುಪಾಲು ಹಾಟ್‌ಸ್ಪಾಟ್ ಓಡುತ್ತಿದೆ.

ಲಾರ್ಸ್ ಬಾಕ್ ಅವರ ಪಾತ್ರ ಅಲ್ಲಿಗೆ ಮುಗಿಯಲಿಲ್ಲ. 2006ರಲ್ಲಿ ಗೂಗಲ್ ಅವರ ಬಳಿ ಬಂದು ಬ್ರೌಸರಿನ ಜಾವಾಸ್ಕ್ರಿಪ್ಟ್‌ಗೆ ವೇಗ ಬೇಕೆಂದಿತು. ಡೆನ್ಮಾರ್ಕಿನ ಆರ್ಹುಸ್ ಬಳಿಯ ತಮ್ಮ ತೋಟದ ಮನೆಯಲ್ಲಿ ಅವರು ಕೆಲಸ ಶುರುಮಾಡಿದರು. ಜಾವಾಸ್ಕ್ರಿಪ್ಟ್ 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಮೊದಲ ರೂಪ ಕೊಟ್ಟ ಭಾಷೆ. ವರ್ಗಗಳ ಗೋಜಿಲ್ಲದೆ ಒಂದು ವಸ್ತು ಇನ್ನೊಂದರಿಂದ ಗುಣ ಪಡೆಯುವ ವಿಧಾನವನ್ನು ಐಕ್ ತೆಗೆದುಕೊಂಡಿದ್ದು ಯಾವುದರಿಂದ ಎಂದರೆ, ಸೆಲ್ಫ್ ಭಾಷೆಯಿಂದಲೇ! ಹೀಗಾಗಿ ಸೆಲ್ಫ್‌ಗೆಂದು ಕಂಡುಹಿಡಿದ ಮದ್ದು ಇದಕ್ಕೆ ಹೇಳಿ ಮಾಡಿಸಿದಂತೆ ಒಗ್ಗಿತು. 2008ರ ಸೆಪ್ಟೆಂಬರ್ 2ರಂದು ಕ್ರೋಮ್ ಬ್ರೌಸರಿನೊಂದಿಗೆ ಬಂದ ಆ ಎಂಜಿನ್‌ಗೆ ವಿ8 ಎಂದು ಹೆಸರು. ಮರುವರ್ಷ ರಯಾನ್ ದಾಲ್ ಅದನ್ನು ಬ್ರೌಸರಿನಿಂದ ಹೊರತಂದು ನೋಡ್ ಜೆಎಸ್ ಮಾಡಿದರು, ಜಾವಾಸ್ಕ್ರಿಪ್ಟ್ ಸರ್ವರಿಗೂ ಹತ್ತಿತು. ನೀವು ಕ್ರೋಮ್ ಬ್ರೌಸರಿನಲ್ಲಿ ಬಸ್ ಟಿಕೆಟ್ ಕಾದಿರಿಸುವಾಗ ಪುಟದ ಕೆಳಗೆ ಸೆಲ್ಫ್ ತಂಡದ ಊಹೆ-ತಿದ್ದುಪಡಿಯ ಆಟವೇ ನಡೆಯುತ್ತಿರುತ್ತದೆ.

ಕಲಿಯಲು ಹೊತ್ತಿಲ್ಲದಾಗ

ಮೈಕ್ರೊಸಾಫ್ಟ್ ಕೂಡ ಇದೇ ಹಾದಿಗೆ ಬಂತು. ಜಾವಾವನ್ನು ತನಗೆ ಬೇಕಾದಂತೆ ತಿರುಚಿದೆಯೆಂದು 1997ರಲ್ಲಿ ಸನ್ ಅದರ ಮೇಲೆ ದಾವೆ ಹೂಡಿದ ಮೇಲೆ, ತನ್ನದೇ ಆದ ಡಾಟ್‌ನೆಟ್ ಕಟ್ಟಿ 2002ರಲ್ಲಿ ಬಿಡುಗಡೆ ಮಾಡಿತು. ಅನೇಕ ಭಾಷೆಗಳಿಗೆ ಒಂದೇ ರನ್‌ಟೈಮ್ ಎಂಬುದು ಅಲ್ಲಿ ಮೊದಲ ದಿನದಿಂದಲೇ ಇದ್ದ ಉದ್ದೇಶ. ಜಾವಾದಲ್ಲಿ ಅದು ತಾನಾಗಿಯೇ ಆಯಿತು: ಸ್ಕಾಲಾ, ಕ್ಲೋಜರ್, ಕೋಟ್ಲಿನ್ ಎಲ್ಲವೂ ಜಾವಾ ಭಾಷೆಯನ್ನು ಬದಿಗಿಟ್ಟು ಜಾವಾದ ಯಂತ್ರವನ್ನು ಉಳಿಸಿಕೊಂಡವು.

ಓಡುತ್ತ ಕಲಿಯುವುದಕ್ಕೆ ಒಂದು ಬೆಲೆ ಇದೆ, ಅದು ಸಮಯ. ತಿಂಗಳುಗಟ್ಟಲೆ ನಿಲ್ಲದೆ ನಡೆಯುವ ಸರ್ವರಿಗೆ ಮೊದಲ ಕೆಲವು ನಿಮಿಷದ ನಿಧಾನ ಲೆಕ್ಕಕ್ಕಿಲ್ಲ. ಆದರೆ ಕ್ಲೌಡ್ ಬಂದ ಮೇಲೆ, ಬೇಡಿಕೆ ಬಂದಾಗ ಹುಟ್ಟಿ ಅರೆಕ್ಷಣದಲ್ಲಿ ಕೆಲಸ ಮುಗಿಸಿ ಸಾಯುವ ಪ್ರೋಗ್ರಾಮುಗಳು ಹೆಚ್ಚಾದವು. ಅವಕ್ಕೆ ಕಲಿಯಲು ಪುರಸೊತ್ತಿಲ್ಲ. 2009ರಲ್ಲಿ ಗೂಗಲ್ ಪ್ರಕಟಿಸಿದ ಗೋ ಭಾಷೆ ಎಲ್ಲವನ್ನೂ ಮುಂಚೆಯೇ ಕಂಪೈಲ್ ಮಾಡಿಬಿಡುತ್ತದೆ. ಅದನ್ನು ರೂಪಿಸಿದ ಮೂವರಲ್ಲಿ ಒಬ್ಬರಾದ ರಾಬರ್ಟ್ ಗ್ರೀಸ್‌ಮರ್ ಹಿಂದೆ ಹಾಟ್‌ಸ್ಪಾಟ್ ಮತ್ತು ವಿ8 ಎರಡರಲ್ಲೂ ಕೆಲಸ ಮಾಡಿದವರು; ಓಡುವಾಗ ಕಂಪೈಲ್ ಮಾಡುವುದರ ಕಷ್ಟಸುಖ ಬಲ್ಲವರೇ ಅದನ್ನು ಬಿಟ್ಟುಕೊಟ್ಟರು ಎಂಬುದನ್ನು ಗಮನಿಸಬೇಕು. ರನ್‌ಟೈಮನ್ನು ಮಾತ್ರ ಬಿಡಲಿಲ್ಲ. ಗೋ ಪ್ರೋಗ್ರಾಮಿನ ಒಂದೇ ಫೈಲಿನೊಳಗೆ ಮೆಮೊರಿ ಗುಡಿಸುವವನೂ, ಸಾವಿರಾರು ಕೆಲಸಗಳನ್ನು ಏಕಕಾಲಕ್ಕೆ ಹಂಚಿ ನಡೆಸುವವನೂ ಕೂತಿರುತ್ತಾರೆ.

ಆಂಡ್ರಾಯ್ಡ್ ಈ ಎರಡು ದಡಗಳ ನಡುವೆ ಹೊಯ್ದಾಡಿದ್ದನ್ನು ಬಳಕೆದಾರರೆಲ್ಲ ಕಂಡಿದ್ದಾರೆ. ಡ್ಯಾನ್ ಬೋರ್ನ್‌ಸ್ಟೀನ್ ರಚಿಸಿದ ಅದರ ಮೊದಲ ರನ್‌ಟೈಮ್ ಡಾಲ್ವಿಕ್ ಶುರುವಿನಲ್ಲಿ ಬರೀ ಇಂಟರ್‌ಪ್ರಿಟರ್. 2010ರ ಆಂಡ್ರಾಯ್ಡ್ 2.2ರಲ್ಲಿ ಓಡುವಾಗ ಕಂಪೈಲ್ ಮಾಡುವ ಶಕ್ತಿ ಸೇರಿತು. 2014ರ ಆಂಡ್ರಾಯ್ಡ್ 5ರಲ್ಲಿ ಡಾಲ್ವಿಕ್ ಹೋಗಿ ಎಆರ್‌ಟಿ ಬಂತು, ಆ್ಯಪ್ ಹಾಕಿಕೊಳ್ಳುವಾಗಲೇ ಇಡಿಯಾಗಿ ಕಂಪೈಲ್ ಮಾಡುವ ಪದ್ಧತಿ ಶುರುವಾಯಿತು. ಫೋನಿನ ವ್ಯವಸ್ಥೆ ಅಪ್‌ಡೇಟ್ ಆದಾಗೆಲ್ಲ ನೂರಾರು ಆ್ಯಪ್‌ಗಳನ್ನು ಒಂದೊಂದಾಗಿ ಸಿದ್ಧಪಡಿಸುತ್ತಿರುವುದಾಗಿ ಎಣಿಕೆ ತೋರಿಸುತ್ತ, ಬಳಕೆದಾರರನ್ನು ಬಹಳ ಹೊತ್ತು ಕಾಯಿಸಿದ ಪರದೆ ನೆನಪಿದೆಯೇ? ಅದು ಈ ಪದ್ಧತಿಯ ಫಲ. ಜಾಗವೂ ಬಹಳ ಬೇಕಾಗುತ್ತಿತ್ತು. ಆಂಡ್ರಾಯ್ಡ್ 7 ಎರಡನ್ನೂ ಬೆರೆಸಿತು: ಹಗಲು ಓಡುತ್ತ ಎಣಿಕೆ, ರಾತ್ರಿ ಬೇಕಾದಷ್ಟಕ್ಕೆ ಮಾತ್ರ ಕಂಪೈಲ್. 2019ರಿಂದ ಗೂಗಲ್ ಬೇರೆ ಫೋನುಗಳ ಎಣಿಕೆಗಳನ್ನು ಒಟ್ಟುಗೂಡಿಸಿ, ಹೊಸದಾಗಿ ಆ್ಯಪ್ ಹಾಕಿಕೊಳ್ಳುವವರಿಗೆ ಜೊತೆಯಲ್ಲೇ ಕಳಿಸುತ್ತದೆ. ಒಬ್ಬರ ಫೋನು ಕಲಿತದ್ದು ಇನ್ನೊಬ್ಬರ ಫೋನಿಗೆ ಮೊದಲ ದಿನವೇ ಒದಗುತ್ತದೆ.

ಮೆಮೊರಿ ಗುಡಿಸುವ ಕೆಲಸವೂ ಬಹಳ ದೂರ ಬಂದಿದೆ. ಗುಡಿಸುವಾಗ ಎಲ್ಲವನ್ನೂ ನಿಲ್ಲಿಸಬೇಕೆಂಬ ಮೆಕಾರ್ಥಿ ಕಾಲದ ಕಟ್ಟುಪಾಡು ದೊಡ್ಡ ಸರ್ವರುಗಳಲ್ಲಿ ಸೆಕೆಂಡುಗಟ್ಟಲೆ ತಡೆಯಾಗಿ ಕಾಡುತ್ತಿತ್ತು. ನಡುರಾತ್ರಿ ಎದ್ದು ಆ ತಡೆಯ ಕಾರಣ ಹುಡುಕಿದ ಇಂಜಿನಿಯರುಗಳು ಬೆಂಗಳೂರಿನಲ್ಲಿ ಎಷ್ಟೋ ಮಂದಿ. ಐಬಿಎಂನ ಜಾವಾ ರನ್‌ಟೈಮ್ ತಂಡದ ಒಂದು ಭಾಗ ಬೆಂಗಳೂರಿನಲ್ಲೇ ಕೆಲಸ ಮಾಡುತ್ತ ಬಂದಿದೆ. ಜಾವಾದ ಜೆಡ್‌ಜಿಸಿ ಎಂಬ ಹೊಸ ವ್ಯವಸ್ಥೆ ಪ್ರೋಗ್ರಾಮು ಓಡುತ್ತಿರುವಾಗಲೇ ಬಹುಪಾಲು ಕೆಲಸ ಮುಗಿಸಿ, ನಿಲ್ಲಿಸುವ ಹೊತ್ತನ್ನು ಒಂದು ಮಿಲಿಸೆಕೆಂಡಿಗಿಂತ ಕೆಳಗೆ ಇಳಿಸಿದೆ. ಲಿಸ್ಪ್ ಕಾಲದಿಂದ ಇಲ್ಲಿಗೆ ಬರಲು ಆರು ದಶಕ ಹಿಡಿಯಿತು. ಇನ್ನು ಓಡುತ್ತ ಕಂಪೈಲ್ ಮಾಡುವ ಯಾತ್ರೆಯಲ್ಲಿ ಪೈಥಾನ್ ಹಿಂದುಳಿದಿತ್ತು. 2024ರ ಅಕ್ಟೋಬರಿನಲ್ಲಿ ಬಂದ ಅದರ 3.13ನೇ ಆವೃತ್ತಿಯಲ್ಲಿ ಓಡುವಾಗ ಕಂಪೈಲ್ ಮಾಡುವ ಎಂಜಿನ್ ಪ್ರಯೋಗರೂಪದಲ್ಲಿ ಸೇರಿದೆ.

ಕಲ್ಪಿತ ಯಂತ್ರದ ಉಪಾಯ ಈಗ ಬ್ರೌಸರಿನಲ್ಲಿ ಹೊಸ ರೂಪ ಪಡೆದಿದೆ. 2017ರ ಹೊತ್ತಿಗೆ ನಾಲ್ಕು ಮುಖ್ಯ ಬ್ರೌಸರುಗಳೂ ವೆಬ್‌ಅಸೆಂಬ್ಲಿ ಎಂಬ ಬೈಟ್‌ಕೋಡನ್ನು ಒಪ್ಪಿಕೊಂಡವು. 2019ರ ಡಿಸೆಂಬರಿನಲ್ಲಿ ಅದು ವೆಬ್‌ನ ಅಧಿಕೃತ ಮಾನಕವಾಯಿತು. ಸಿ, ರಸ್ಟ್‌ನಂತಹ ಭಾಷೆಗಳಲ್ಲಿ ಬರೆದದ್ದು ಈಗ ಬ್ರೌಸರಿನೊಳಗೆ ಬೇಲಿ ಹಾಕಿದ ಜಾಗದಲ್ಲಿ ಸುರಕ್ಷಿತವಾಗಿ ಓಡುತ್ತದೆ. 2023ರಲ್ಲಿ ಅದಕ್ಕೆ ಗಾರ್ಬೇಜ್ ಕಲೆಕ್ಷನ್ ಸೌಲಭ್ಯವೂ ಸೇರಿದ್ದರಿಂದ ಜಾವಾ, ಕೋಟ್ಲಿನ್ ಮುಂತಾದವಕ್ಕೂ ದಾರಿ ತೆರೆಯಿತು.

ಅದನ್ನು ಮೊದಲು ಬಳಸಿದವರಲ್ಲಿ ಗೂಗಲ್ ಶೀಟ್ಸ್ ತಂಡವೂ ಒಂದು. ಶೀಟ್ಸ್‌ನ ಲೆಕ್ಕ ಮಾಡುವ ಭಾಗ ಹುಟ್ಟಿದ್ದು ಜಾವಾದಲ್ಲಿ. ಬ್ರೌಸರಿನಲ್ಲಿ ಓಡಿಸಲು ಅದನ್ನು ಜಾವಾಸ್ಕ್ರಿಪ್ಟ್‌ಗೆ ಬದಲಿಸಿಕೊಂಡಿದ್ದರು. ಅದೇ ಜಾವಾವನ್ನು ವೆಬ್‌ಅಸೆಂಬ್ಲಿಗೆ ತಿರುಗಿಸಿ ಮೊದಲ ಸಲ ಓಡಿಸಿದಾಗ ಫಲಿತಾಂಶ ನಿರಾಶೆ ತಂದಿತು: ಜಾವಾಸ್ಕ್ರಿಪ್ಟ್‌ಗಿಂತ ಎರಡು ಪಟ್ಟು ನಿಧಾನ. ಕಾರಣ ಹುಡುಕಿದರೆ, ಜಾವಾಸ್ಕ್ರಿಪ್ಟ್ ಎಂಜಿನ್‌ಗಳಲ್ಲಿ ವರ್ಷಗಳಿಂದ ಬೇರೂರಿದ್ದ ಊಹೆಯ ವಿದ್ಯೆ ವೆಬ್‌ಅಸೆಂಬ್ಲಿಗೆ ಇನ್ನೂ ಬಂದಿರಲಿಲ್ಲ. ಯಾವ ಕರೆ ಯಾವ ತುಣುಕಿಗೆ ಹೋಗುತ್ತದೆಂದು ಓಡುವಾಗ ನೋಡಿ, ಊಹಿಸಿ, ಆ ತುಣುಕನ್ನು ಅಲ್ಲೇ ಹೊಲಿದುಬಿಡುವ ಸೆಲ್ಫ್ ತಂಡದ ತಂತ್ರವನ್ನು ವಿ8ರ ಇಂಜಿನಿಯರುಗಳು ಅದಕ್ಕೂ ಅಳವಡಿಸಿದರು. ಅದೂ ಮತ್ತೆ ಕೆಲವು ಸುಧಾರಣೆಗಳೂ ಸೇರಿ, ಶೀಟ್ಸ್‌ನ ಲೆಕ್ಕ ಜಾವಾಸ್ಕ್ರಿಪ್ಟ್ ಆವೃತ್ತಿಗಿಂತ ಎರಡು ಪಟ್ಟು ವೇಗವಾಯಿತು.